ನಿಶಾನೆಯ ಕೆಳಗೆ ನಿಂತವ

ಕೆಸರು ನೀರು ಮುಖದ ಮೇಲೆ ಬಿದ್ದರೂ ಅಣ್ಣ ಕಣ್ಣು ಮುಚ್ಚುತ್ತಿರಲಿಲ್ಲ. ಕೋಣಗಳು ಎದುರಿನಿಂದ ಹಾದುಹೋಗುವಾಗ ನಾವೆಲ್ಲ ತೋಳು ಅಡ್ಡ ಹಿಡಿಯುತ್ತಿದ್ದೆವು, ಹೆಂಗಸರು ಸೆರಗು ಎಳೆದುಕೊಳ್ಳುತ್ತಿದ್ದರು. ಅಣ್ಣ ಮಾತ್ರ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ಸ್ವಲ್ಪ ತೆರೆದು ಮೇಲೆಯೇ ನೋಡುತ್ತಿದ್ದ. ಓಟ ಮುಗಿಯುವಾಗ ಅವನ ಹುಬ್ಬಿನಿಂದ ಗಲ್ಲದವರೆಗೆ ಕೆಂಪು ಕೆಸರು ಇಳಿಯುತ್ತಿರುತ್ತಿತ್ತು. ಆ ಕೆಸರಿನ ನಡುವೆ ಎರಡು ಕಣ್ಣು ತೊಳೆದಿಟ್ಟ ಹಾಗೆ ಬೆಳ್ಳಗೆ ಕಾಣುತ್ತಿದ್ದವು.

ಕಂಬಳ ನೋಡದವರಿಗಾಗಿ ಇಷ್ಟು ಹೇಳುತ್ತೇನೆ. ಕಂಬಳದಲ್ಲಿ ಕನೆಹಲಗೆ ಎಂಬ ಒಂದು ಓಟ ಉಂಟು. ಅದರಲ್ಲಿ ಯಾವ ಕೋಣ ಮೊದಲು ಮುಟ್ಟಿತು ಎಂದು ನೋಡುವುದಿಲ್ಲ. ಜೋಡಿ ಕೋಣಗಳ ಹಿಂದೆ ತೂತುಳ್ಳ ಒಂದು ಮರದ ಹಲಗೆ ಕಟ್ಟಿ, ಅದರ ಮೇಲೆ ಒಬ್ಬ ನಿಲ್ಲುತ್ತಾನೆ. ಕೋಣ ಓಡಿದಾಗ ಆ ತೂತಿನಿಂದ ನೀರು ಕಾರಂಜಿಯಂತೆ ಮೇಲೆ ಹಾರುತ್ತದೆ. ಕರೆಗೆ, ಅಂದರೆ ಕೋಣ ಓಡುವ ಆ ಕೆಸರುಗದ್ದೆಗೆ, ಅಡ್ಡಲಾಗಿ ಎತ್ತರದಲ್ಲಿ ಒಂದು ಬಿಳಿ ಬಟ್ಟೆ ಕಟ್ಟಿರುತ್ತಾರೆ. ಅದಕ್ಕೆ ನಿಶಾನೆ ಎನ್ನುತ್ತಾರೆ. ನೀರು ಆ ಬಟ್ಟೆಗೆ ತಾಗಿದರೆ ಬಹುಮಾನ, ಇಲ್ಲದಿದ್ದರೆ ಇಲ್ಲ. ತಾಗಿತೋ ಇಲ್ಲವೋ ಎಂದು ಹೇಳಲು ನಿಶಾನೆಯ ಕೆಳಗೆ, ದಂಡೆಯ ಮೇಲೆ ಒಬ್ಬ ತೀರ್ಪುಗಾರ ಬಾವುಟ ಹಿಡಿದು ನಿಲ್ಲುತ್ತಾನೆ. ನನ್ನ ಅಣ್ಣ ಹಾಗೆ ನಿಲ್ಲುತ್ತಿದ್ದವ.

ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಮನೆಯಲ್ಲಿ ನಾವು ಆಡುವುದು ತುಳು. ಆಡಿದ ಮಾತನ್ನು ನನಗೆ ಬರುವ ಕನ್ನಡದಲ್ಲಿ ಇಲ್ಲಿ ಬರೆದಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಆ ಕಂಬಳದ ಹೆಸರೂ ಬೇಡ, ಯಾಕೆಂದರೆ ತಪ್ಪು ಕಂಬಳದವರದಲ್ಲ.

ಕಂಬಳ ಇರುವುದು ವರ್ಷದಲ್ಲಿ ಕೆಲವು ವಾರ. ಉಳಿದ ದಿನಗಳಲ್ಲಿ ಅಣ್ಣ ಬಿ.ಸಿ.ರೋಡಿನಲ್ಲಿ ಖಾಸಗಿ ಬಸ್ಸುಗಳ ಟೈಂ ಕೀಪರ್. ಯಾವ ಬಸ್ಸು ಯಾವ ನಿಮಿಷಕ್ಕೆ ಹೊರಡಬೇಕು ಎಂದು ನೋಡಿ ಸೀಟಿ ಊದುವುದು ಕೆಲಸ. ಒಂದು ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಜನ ಅದಕ್ಕೆ ಹತ್ತುತ್ತಾರೆ. ಹಾಗಾಗಿ ಆ ಎರಡು ನಿಮಿಷಕ್ಕೆ ದಿನವೂ ಜಗಳ. ಅಣ್ಣ ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದ. ಕೈ ಮಗುಚಿ ನೋಡಿ, ಬಸ್ಸಿನ ಹೊಟ್ಟೆಗೆ ಎರಡು ಸಲ ತಟ್ಟುತ್ತಿದ್ದ.

"ಇನ್ನೂ ಎರಡು ನಿಮಿಷ ಉಂಟು ಟೈಂ ಕೀಪರೇ. ನಿಮ್ಮ ವಾಚ್ ಗಲ್ಫಿನದ್ದಾ?" ಎಂದು ಡ್ರೈವರುಗಳು ಕೇಳುವರು.

"ವಾಚ್ ಗಲ್ಫಿನದ್ದೇ. ಟೈಂ ಬಿ.ಸಿ.ರೋಡಿನದ್ದು. ತೆಗಿ ಬಸ್" ಎನ್ನುವನು ಅಣ್ಣ.

ಆ ಮಾರ್ಗದಲ್ಲಿ ಹೆಚ್ಚು ಬಸ್ಸು ಇದ್ದ ಒಬ್ಬ ಧಣಿ ಇದ್ದರು. ಅಣ್ಣನಿಗೆ ಆ ಕೆಲಸ ಕೊಡಿಸಿದವರೂ ಅವರೇ. ಒಂದು ದಿನ ಅವರದೇ ಬಸ್ಸು ಸಮಯ ದಾಟಿ ನಿಂತಾಗ ಅಣ್ಣ ಡ್ರೈವರನನ್ನು ಇಳಿಸಿ, ಹಿಂದಿನ ಬಸ್ಸನ್ನು ಮೊದಲು ಬಿಟ್ಟ. ಧಣಿ ಸಿಟ್ಟಾಗಲಿಲ್ಲ, ನಕ್ಕರಂತೆ. ಆ ಸುದ್ದಿ ಬೆಳ್ತಂಗಡಿಯವರೆಗೆ ಹೋಯಿತು. ಧಣಿಯ ಬಸ್ಸನ್ನೇ ತಡೆದವ ಎಂಬ ಹೆಸರಿನಿಂದಲೇ ಕಂಬಳದವರು ಅವನನ್ನು ತೀರ್ಪಿಗೆ ಕರೆದದ್ದು.

ಕಂಬಳದ ದಿನ ಅವನು ಯಾರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಅತ್ತಿಗೆ ಕಟ್ಟಿಕೊಟ್ಟ ಬುತ್ತಿಯಲ್ಲಿ ಕುಚ್ಚಲಕ್ಕಿ ಅನ್ನ, ಮಾವಿನ ಮಿಡಿ, ಒಂದು ಒಣಮೀನಿನ ತುಂಡು. ಕೋಣದ ಯಜಮಾನರು ಎಳನೀರು ಕೆತ್ತಿ ತಂದರೆ ಕೈ ಮುಗಿಯುವನು. "ಒಬ್ಬರ ಚಾ ಕುಡಿದ್ರೆ ಇನ್ನೊಬ್ಬರ ಕೋಣ ಸಣ್ಣದಾಗಿ ಕಾಣ್ತದೆ" ಎಂದು ನನಗೆ ಹೇಳುತ್ತಿದ್ದ. ನಾನು ಮಾತ್ರ ಎಲ್ಲರ ಚಾ ಕುಡಿಯುತ್ತಿದ್ದೆ. ನಾನೇನು ತೀರ್ಪುಗಾರನೇ.

ಅಪ್ಪ ತೀರಿಕೊಂಡಾಗ ನಾನು ಅಂಗನವಾಡಿಗೆ ಹೋಗುವ ವಯಸ್ಸಿನವ, ಅವನು ಮೀಸೆ ಬಂದವ. ನನ್ನನ್ನು ಬೆಳೆಸಿದವ ಅವನೇ. ಶಾಲೆ ನನ್ನ ತಲೆಗೆ ಹತ್ತಲಿಲ್ಲ. ಅವನು ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ವಾಮದಪದವಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಒಬ್ಬ ಕಾಕ ಇದ್ದರು. ಬ್ಯಾರಿಗಳಲ್ಲಿ, ಅಂದರೆ ನಮ್ಮ ಕಡೆಯ ಮುಸ್ಲಿಮರಲ್ಲಿ, ಹಿರಿಯರಿಗೆ ಕಾಕ ಎನ್ನುವುದು. ಅವರ ಬಳಿ ಬಿಟ್ಟು, "ಇವನಿಗೆ ಹಗ್ಗ ಕಟ್ಟಲಿಕ್ಕೆ ಕಲಿಸಿ ಕಾಕ, ಪುಸ್ತಕ ಇವನಿಂದ ಆಗುದಿಲ್ಲ" ಎಂದ. ಕಾಕ ಕಲಿಸಿದರು. ಮದುವೆ, ಸತ್ತವರ ಬೊಜ್ಜದ ಊಟ, ಉರೂಸು, ಭಜನೆ, ಎಲ್ಲದಕ್ಕೂ ಚಪ್ಪರ ಹಾಕಿ ಹಾಕಿ ನನ್ನ ಅಂಗೈ ಕೊಟ್ಟಿಗೆಯ ಹಲಗೆಯಂತಾಯಿತು. ಅಣ್ಣನಿಗೆ ಅದು ಹೆಮ್ಮೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು ಯಾರಿಗಾದರೂ ತೋರಿಸುತ್ತಿದ್ದ. "ನೋಡಿ, ಈ ಕೈ ಕಟ್ಟಿದ ಹಗ್ಗ ಗಾಳಿಗೂ ಅಲುಗುದಿಲ್ಲ."

ಅದೇ ಮಾತನ್ನು ಅವನು ಆ ಕಂಬಳದ ಸಮಿತಿಯವರಿಗೂ ಹೇಳಿ, ನಿಶಾನೆ ಕಟ್ಟುವ ಕೆಲಸ ನನಗೆ ಕೊಡಿಸಿದ.

ಇಪ್ಪತ್ತು ವರ್ಷಗಳ ಮೇಲಾಯಿತು. ಆ ಸಮಯದಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಅಳದಂಗಡಿ ಕಡೆಯ ಒಂದು ಮನೆಯಿಂದ ಮಾತು ಬಂದಿತ್ತು. ಹುಡುಗಿಯ ಅಪ್ಪ ಕೃಷಿಕರು, ಕಂಬಳದ ಹುಚ್ಚಿನವರು. "ಹುಡುಗನನ್ನು ಮನೆಯಲ್ಲಿ ನೋಡಿದ್ರೆ ಎಲ್ಲರೂ ಒಳ್ಳೆಯವರೇ. ಕಂಬಳದಲ್ಲಿ ನೋಡುವ, ಕುಡೀತಾನಾ, ಕುಣೀತಾನಾ ಗೊತ್ತಾಗ್ತದೆ" ಎಂದು ಹೇಳಿ ಕಳಿಸಿದ್ದರು. ಅವರ ಅಕ್ಕನ ಮನೆಯ ಕೋಣಗಳೂ ಅಂದು ಕನೆಹಲಗೆಗೆ ಇಳಿಯುವುದಿತ್ತು. ಅತ್ತಿಗೆ ನನಗೊಂದು ಹೊಸ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟರು.

ಬೆಳಿಗ್ಗೆ ಹಳೆ ಬನಿಯನ್ನಿನಲ್ಲಿ ಹೋಗಿ ನಿಶಾನೆ ಕಟ್ಟಿದೆ. ಅಳತೆ ಕೋಲು ಹಿಡಿದು ಸಮಿತಿಯವರು ಎತ್ತರ ನೋಡಿ ಸರಿ ಎಂದರು. ಹಗ್ಗ ಹೊಸದು, ನೈಲಾನಿನದು. ನೈಲಾನ್ ಹಗ್ಗ ಬಿಸಿಲಿಗೆ ಹಿಗ್ಗುತ್ತದೆ. ಬೆಳಿಗ್ಗೆ ಬಿಗಿಯಾಗಿ ಕಟ್ಟಿದ್ದು ಮಧ್ಯಾಹ್ನಕ್ಕೆ ಸಡಿಲ. ಚಪ್ಪರದ ಕೆಲಸದವರು ಊಟಕ್ಕೆ ಮುಂಚೆ ಒಂದು ಸುತ್ತು ಹೋಗಿ ಎಲ್ಲ ಹಗ್ಗ ಬಿಗಿ ಮಾಡುವುದು ಅದಕ್ಕೇ. ಕಾಕ ನನಗೆ ಮೊದಲ ದಿನ ಕಲಿಸಿದ ಪಾಠ ಅದು.

ಮಧ್ಯಾಹ್ನ ನಾನು ಬಿಳಿ ಅಂಗಿ ಹಾಕಿ ಹುಡುಗಿಯ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅವರು ಎಲೆ ಅಡಿಕೆ ಕೊಟ್ಟರು. ನಾನು ಹಾಕುವುದಿಲ್ಲ ಎಂದೆ. ಅವರಿಗೆ ಖುಷಿಯಾದದ್ದು ಕಂಡಿತು. ದಂಡೆಯಿಂದ ಅಣ್ಣ ಕೂಗಿದ. "ಹಗ್ಗ ನೋಡಿದ್ಯಾ?"

ನಿಶಾನೆಯ ಹಗ್ಗ ಬಿಗಿ ಮಾಡಬೇಕಾದರೆ ಕೆಸರು ಮೆತ್ತಿದ ಕಂಬಕ್ಕೆ ಎದೆ ಕೊಟ್ಟು ಎಳೆಯಬೇಕು. ಅಂಗಿ ನೋಡಿಕೊಂಡೆ. "ನೋಡಿದ್ದೇನೆ, ಸರಿ ಉಂಟು" ಎಂದು ಕೂತಲ್ಲಿಂದಲೇ ಕೂಗಿದೆ. ಅಣ್ಣ ತಲೆಯಾಡಿಸಿದ. ಅವನಿಗೆ ನನ್ನ ಮಾತು ಸಾಕಿತ್ತು.

ಮೊದಲು ಓಡಿದ್ದು ಬಸ್ಸಿನ ಧಣಿಯ ಕೋಣ. ನೀರು ಎದ್ದಿತು, ಬಟ್ಟೆಯ ನಡುವಿಗೆ ಬಡಿಯಿತು, ಅಣ್ಣ ಬಾವುಟ ಎತ್ತಿದ. ಜನ ಬೊಬ್ಬೆ ಹಾಕಿದರು. ಎಲ್ಲರೂ ಕೋಣ ನೋಡುತ್ತಿರುವಾಗ ನಾನು ಬಟ್ಟೆ ನೋಡಿದೆ. ನಡುವೆ ಒಂದು ಗೇಣಿಗಿಂತ ಹೆಚ್ಚು ಜೋತುಬಿದ್ದಿತ್ತು. ಕರೆಯ ನಡುವಿನಲ್ಲಿಯೇ ಹಲಗೆ ಬರುವುದು, ನೀರು ಏಳುವುದು ಅಲ್ಲಿಯೇ.

ಆಗ ನಾನು ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ಅಣ್ಣ ಓಟ ರದ್ದು ಮಾಡಿ, ಹಗ್ಗ ಬಿಗಿ ಮಾಡಿಸಿ, ಧಣಿಯ ಕೋಣಗಳನ್ನು ಮತ್ತೆ ಓಡಿಸುತ್ತಿದ್ದ. ನನ್ನನ್ನು ಎಲ್ಲರ ಎದುರು ಬೈಯುತ್ತಿದ್ದ, ಅದು ಮೈಕಿನಲ್ಲಿಯೂ ಕೇಳುತ್ತಿತ್ತು. ಪಕ್ಕದಲ್ಲಿ ಹುಡುಗಿಯ ಅಪ್ಪ. ನಾನು ಮೆಲ್ಲಗೆ ಎದ್ದು ಕಂಬದ ಹತ್ತಿರ ಹೋದೆ. ಅಣ್ಣ ಆ ಕಡೆ ತಿರುಗಿ ಮುಖದ ಕೆಸರು ಒರೆಸುತ್ತಿದ್ದ. ಕಂಬಕ್ಕೆ ಎದೆ ಕೊಟ್ಟು ಹಗ್ಗ ಎಳೆದು ಗೂಟಕ್ಕೆ ಸುತ್ತಿದೆ. ಬಟ್ಟೆ ನೆಟ್ಟಗಾಯಿತು. ಅಂಗಿಯ ತುಂಬ ಕೆಸರು. ಮತ್ತೆ ಬಂದು ಕುರ್ಚಿಯಲ್ಲಿ ಕೂತೆ.

ಎರಡನೆಯದಾಗಿ ಓಡಿದ್ದು ಹುಡುಗಿಯ ಅಪ್ಪನ ಅಕ್ಕನ ಮನೆಯ ಕೋಣ. ನೀರು ಅಷ್ಟೇ ಎತ್ತರಕ್ಕೆ ಎದ್ದಿತು. ನೋಡಿದ ಎಲ್ಲರೂ ಅದನ್ನೇ ಹೇಳಿದರು, ನಾನೂ ನೋಡಿದೆ. ಬಟ್ಟೆಯ ಕೆಳಗೆ ಒಂದು ಗೇಣು ಬಿಟ್ಟು ನೀರು ಹರಡಿ ಬಿತ್ತು. ಅಣ್ಣ ಬಾವುಟ ಎತ್ತಲಿಲ್ಲ.

ಆಮೇಲೆ ಆದದ್ದು ನಮ್ಮ ಕಡೆಯ ಕಂಬಳದವರಿಗೆ ಇಂದಿಗೂ ಗೊತ್ತು. ಜನ ಕರೆಗೆ ಇಳಿದರು. ಅಳೆಯಲಿ ಎಂದರು. ಕೋಲು ತಂದು ಅಳೆದರು. ನಿಶಾನೆ ಸರಿಯಾದ ಎತ್ತರದಲ್ಲಿಯೇ ಇತ್ತು, ಯಾಕೆಂದರೆ ಆಗ ಅದು ಬಿಗಿಯಾಗಿತ್ತು. ಬಟ್ಟೆ ಸರಿ ಇದ್ದ ಮೇಲೆ ತಪ್ಪಿದ್ದು ತೀರ್ಪುಗಾರನ ಕಣ್ಣು, ಇಲ್ಲವೇ ಮನಸ್ಸು. ಧಣಿಯ ಕೋಣದ ನೀರು ತಾಗಿದರೆ ಬೇರೆಯವರ ಕೋಣದ್ದು ಯಾಕೆ ತಾಗಲಿಲ್ಲ ಎಂದು ಕೇಳಿದರು. ಕೇಳಬೇಕಾದದ್ದೇ.

ಅಣ್ಣನಿಗೆ ಮೈಕು ಕೊಟ್ಟರು. "ಮೊದಲನೆಯದಕ್ಕೆ ನೀರು ತಾಗಿದೆ. ಎರಡನೆಯದಕ್ಕೆ ತಾಗಲಿಲ್ಲ. ನಾನು ನೋಡಿದ್ದು ಹೇಳಿದೆ" ಎಂದ. ಯಾರೋ ಎಸೆದ ಕೆಸರಿನ ಮುದ್ದೆ ಅವನ ಎದೆಗೆ ಬಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ.

ಮರುವಾರ ಅಳದಂಗಡಿಯಿಂದ ಒಪ್ಪಿಗೆ ಬಂತು. ಹುಡುಗಿಯ ಅಪ್ಪ ಹೇಳಿದ್ದಿಷ್ಟು: "ಅಣ್ಣನ ವಿಷಯ ಬೇಡ. ಹುಡುಗ ಒಳ್ಳೆಯವ. ಹೊಸ ಅಂಗಿ ಹಾಳಾಗ್ತದೆ ಅಂತ ನೋಡದೆ ಎದ್ದು ಹೋಗಿ ಹಗ್ಗ ಬಿಗಿ ಮಾಡಿದ. ನಾನು ಕಣ್ಣಾರೆ ನೋಡಿದ್ದೇನೆ." ಅವರು ನೋಡಿದ್ದರು. ಏನು ನೋಡಿದೆ ಎಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಮದುವೆ ಅವರ ಅಂಗಳದಲ್ಲಿ ಆಯಿತು. ಅಣ್ಣ ಅಪ್ಪನ ಸ್ಥಾನದಲ್ಲಿ ನಿಂತು ಧಾರೆಗೆ ಕೈ ಕೊಟ್ಟ. ಊಟಕ್ಕೆ ಕೂತಾಗ ಮಾವ ತಾವೇ ಪಾಯಸ ಬಡಿಸುತ್ತ ಬಂದರು. ಅಣ್ಣನ ಎಲೆ ಬಂದಾಗ ಬಕೇಟನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವನ ಆಚೆಯ ಎಲೆಯಿಂದ ಮತ್ತೆ ತಾವೇ ಬಡಿಸಿದರು. ಸಾಲಿನಲ್ಲಿ ಕೂತ ಎಲ್ಲರೂ ಕಂಡರು. ಅಣ್ಣ ಎಲೆಯಲ್ಲಿದ್ದುದನ್ನು ಪೂರ್ತಿ ಉಂಡು ಕೈ ತೊಳೆಯಲು ಎದ್ದ. ನನ್ನ ಹತ್ತಿರ ಬಂದು, "ಪಾಯಸ ಒಳ್ಳೆದಿತ್ತು ಮಾರಾಯ, ಏಲಕ್ಕಿ ಸ್ವಲ್ಪ ಹೆಚ್ಚಾಯ್ತು" ಎಂದ. ಮದುಮಗನ ಪೇಟ ಇಟ್ಟುಕೊಂಡು ನಾನು ಹೂಂ ಎಂದೆ.

ಹಾಗೆ ಶುರುವಾದದ್ದು ಎಷ್ಟೋ ವರ್ಷ ನಡೆಯಿತು. "ನೀರು ತಾಗಲಿಲ್ಲ" ಎನ್ನುವುದು ನಮ್ಮ ಕಡೆ ಗಾದೆಯಂಥ ಒಂದು ಬೈಗುಳವಾಯಿತು. ಬಸ್ಸಿನ ಕಂಡಕ್ಟರುಗಳು ಬಾಗಿಲಲ್ಲಿ ನೇತಾಡಿಕೊಂಡು ಕೇಳುವರು, "ಏನು ಟೈಂ ಕೀಪರೇ, ಈ ಬಸ್ಸಿಗೆ ನೀರು ತಾಗಿತಾ? ಹೊರಡುವಾ?" ವಾಮದಪದವಿನ ಹೋಟೆಲಿನಲ್ಲಿ ಎರಡು ಪಕ್ಷ. ಕ್ರಿಕೆಟಿನಲ್ಲಿ ಔಟಲ್ಲದವನನ್ನು ಔಟ್ ಕೊಟ್ಟ ಅಂಪೈರುಗಳನ್ನೆಲ್ಲ ಲೆಕ್ಕ ಹಾಕಿ, ಕೊನೆಗೆ ನಮ್ಮ ಅಣ್ಣನಲ್ಲಿಗೆ ಬರುವರು. ಒಬ್ಬ ಅವನನ್ನು ಕಳ್ಳ ಎಂದರೆ ಇನ್ನೊಬ್ಬ ಚಾದ ಗ್ಲಾಸು ಕುಕ್ಕಿ, "ಧಣಿಯ ಬಸ್ ತಡೆದವ ಧಣಿಯ ಕೋಣಕ್ಕೆ ಸುಳ್ಳು ಹೇಳ್ತಾನಾ?" ಎನ್ನುವನು. ಕೆಲವು ಕಂಬಳಗಳಲ್ಲಿ ಅವನು ಬಂದರೆ ನಮ್ಮ ಕೋಣ ಇಳಿಯುವುದಿಲ್ಲ ಎಂದರು. ಕೆಲವರು ಅವನಿಲ್ಲದಿದ್ದರೆ ನಮ್ಮ ಕೋಣ ಇಳಿಯುವುದಿಲ್ಲ ಎಂದರು. ಮೈಕಿನಲ್ಲಿ ಅವನ ಹೆಸರು ಹೇಳಿದಾಗ ಅರ್ಧ ಜನ ಚಪ್ಪಾಳೆ, ಅರ್ಧ ಜನ ಕೂಗು. ಅವನು ಎರಡಕ್ಕೂ ತಲೆಯೆತ್ತದೆ, ಬುತ್ತಿ ಹಿಡಿದುಕೊಂಡು ದಂಡೆಗೆ ನಡೆಯುತ್ತಿದ್ದ.

ಹೊರಗಿನಿಂದ ನೋಡಿದರೆ ಅವನು ಏನೂ ಬದಲಾಗಲಿಲ್ಲ. ಎರಡು ಸಣ್ಣ ವಿಷಯ ನಾನು ಕಂಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಒಂದು, ಬಸ್ಸು ಬಿಡುವ ಮುಂಚೆ ಪಕ್ಕದವರ ಸಮಯ ಕೇಳತೊಡಗಿದ. ತನ್ನ ವಾಚು ನೋಡಿ ಆದಮೇಲೂ, "ನಿನ್ನದರಲ್ಲಿ ಎಷ್ಟಾಯ್ತು?" ಎಂದು ಹಣ್ಣಿನವನನ್ನು ಕೇಳುವನು. ಇನ್ನೊಂದು, ವರ್ಷಕ್ಕೊಮ್ಮೆ ಮೂಡಬಿದಿರೆಗೆ ಒಬ್ಬ ಕಣ್ಣಿನ ಡಾಕ್ಟರರ ಹತ್ತಿರ ಹೋಗುತ್ತಿದ್ದ. ನನ್ನನ್ನೂ ಒಂದು ಸಲ ಕರೆದುಕೊಂಡು ಹೋದ. ಡಾಕ್ಟರರು ಪರೀಕ್ಷೆ ಮಾಡಿ, "ಕಣ್ಣು ಚೆನ್ನಾಗಿ ಉಂಟಲ್ಲ, ನೀವು ಯಾಕೆ ಪ್ರತಿ ವರ್ಷ ಬರುದು?" ಎಂದು ಕೇಳಿದರು. "ಸುಮ್ಮನೆ, ಒಂದು ಸಮಾಧಾನಕ್ಕೆ" ಎಂದ ಅಣ್ಣ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ದೂರದ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಬಂದ. ನನಗೆ ತಮಾಷೆಯಾಗಿತ್ತು.

ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ಅವನ ಮನೆ ಮತ್ತು ನನ್ನ ಮನೆಯ ನಡುವೆ ಒಂದು ಗದ್ದೆಯ ಅಂತರ. ಗದ್ದೆ ದಾಟುವಷ್ಟರಲ್ಲಿ ಮಾವನ ನೆನಪಾಗುತ್ತಿತ್ತು, ಹೆಂಡತಿಯ ನೆನಪಾಗುತ್ತಿತ್ತು, ಆಮೇಲೆ ಮಕ್ಕಳ ನೆನಪು. ಅವನ ಅಂಗಳಕ್ಕೆ ಹೋಗಿ, "ತೆಂಗಿನಕಾಯಿ ಕೀಳ್ಲಿಕ್ಕೆ ಜನ ಸಿಕ್ಕಿದ್ರಾ?" ಎಂದು ಕೇಳಿ ವಾಪಸ್ಸು ಬರುತ್ತಿದ್ದೆ. ವರ್ಷ ಕಳೆದಂತೆ ಅದು ಹಳೆ ವಿಷಯವಾಯಿತು, ಇನ್ನು ಯಾರಿಗೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಬೇಕಾದವರು ಇದ್ದರು. ಹಳೆಯ ಕಂಬಳಗಳ ಜಗಳಗಳನ್ನು ಹುಡುಕಿ ತೆಗೆದು ಮೊಬೈಲಿನಲ್ಲಿ ತೋರಿಸುವ ಚಾನೆಲು ಮಾಡಿಕೊಂಡ ಒಬ್ಬ ಯುವಕ ಕಳೆದ ವರ್ಷ ಬೇಸಗೆಯಲ್ಲಿ ಅಣ್ಣನ ಮನೆಗೆ ಬಂದ. ಅಷ್ಟರಲ್ಲಿ ಅಣ್ಣನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಬೆಳಕು ನೆರಳು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಕಂಬಳವೂ ಇಲ್ಲ, ಬಸ್‌ಸ್ಟ್ಯಾಂಡೂ ಇಲ್ಲ, ಜಗಲಿಯ ಕುರ್ಚಿ ಮಾತ್ರ. ನಾನೂ ಅಲ್ಲಿದ್ದೆ.

"ಅಂಕಲ್, ನಾನು ನಿಮ್ಮ ಪರವೂ ಅಲ್ಲ, ವಿರೋಧವೂ ಅಲ್ಲ" ಎಂದ ಯುವಕ. "ಆ ದಿನದ ಕ್ಯಾಸೆಟ್ ಸಿಕ್ಕಿದೆ. ಜನರು ಕೇಳ್ತಾ ಇದ್ದಾರೆ."

"ಜನರು ಬಸ್ಸಿನ ಟೈಮೂ ಕೇಳ್ತಾರೆ" ಎಂದ ಅಣ್ಣ. "ಹೇಳಿದ ಮೇಲೆ ಬೈತಾರೆ. ಇರಲಿ, ಹಾಕು. ನನಗೆ ಕಾಣುದಿಲ್ಲ. ತಮ್ಮಾ, ನೀನು ನೋಡಿ ಹೇಳು, ನೀರು ಎಲ್ಲಿವರೆಗೆ ಬಂತು?"

ಯುವಕ ಎರಡು ಓಟಗಳನ್ನು ಅಕ್ಕಪಕ್ಕ ಇಟ್ಟು ನಿಲ್ಲಿಸಿದ್ದ. ಬೆರಳಿನಿಂದ ನೀರಿನ ತುದಿ ತೋರಿಸಿದ. "ಸಮ ಉಂಟಲ್ವಾ ಅಂಕಲ್, ಎರಡೂ?" ಎಂದು ನನ್ನನ್ನು ಕೇಳಿದ. ಅವನ ಕಣ್ಣೂ ನೀರಿನ ಮೇಲೆಯೇ ಇತ್ತು. ನಾನು ನೋಡಿದ್ದು ಬಟ್ಟೆಯನ್ನು. ಎಡಗಡೆಯದರಲ್ಲಿ ತೊಟ್ಟಿಲಿನ ಹಾಗೆ ಜೋತುಬಿದ್ದಿದೆ, ಬಲಗಡೆಯದರಲ್ಲಿ ನೆಟ್ಟಗೆ ಉಂಟು.

"ಸಮ" ಎಂದೆ.

ಅಣ್ಣನ ಮುಖ ನಾನು ಹಾಗೆ ಯಾವತ್ತೂ ನೋಡಿರಲಿಲ್ಲ. ಕೆಸರಿನ ಮುದ್ದೆ ಬಿದ್ದಾಗಲೂ ಅದು ಹಾಗೆ ಆಗಿರಲಿಲ್ಲ. "ಸಮವಾ?" ಎಂದು ಮೆಲ್ಲಗೆ ಕೇಳಿದ. ಕುರ್ಚಿಯ ಕೈಯನ್ನು ಉಜ್ಜಿದ. ಆಮೇಲೆ ಯುವಕನ ದಿಕ್ಕಿಗೆ ತಿರುಗಿ, "ಹಾಗಾದ್ರೆ ಹಾಗೇ ಹಾಕು ಮಗಾ. ತೀರ್ಪು ಕೊಟ್ಟವನೇ ಒಪ್ಪಿದ, ಅವನ ಕಣ್ಣಿನದ್ದೇ ತಪ್ಪು ಅಂತ ಹಾಕು. ಅಳದಂಗಡಿಯವರಿಗೆ ಒಂದು ಸಮಾಧಾನ ಆಗ್ಲಿ" ಎಂದ.

ಯುವಕ ಮೊಬೈಲನ್ನು ಅವನ ಮುಖಕ್ಕೆ ಹಿಡಿದ. ಇನ್ನು ಒಂದು ನಿಮಿಷ ಸುಮ್ಮನಿದ್ದರೆ ಅಣ್ಣ ತನ್ನ ಬಾಯಿಯಿಂದಲೇ ನನ್ನ ತಪ್ಪನ್ನು ತನ್ನದು ಎಂದು ಹೇಳಿ ಮುಗಿಸುತ್ತಿದ್ದ. ಅದು ಲೋಕವೆಲ್ಲ ಹೋಗುತ್ತಿತ್ತು.

"ನೀರು ಸಮ" ಎಂದೆ. "ಬಟ್ಟೆ ಸಮ ಇಲ್ಲ."

ಆಮೇಲೆ ಹೇಳಿದೆ. ಬಿಳಿ ಅಂಗಿ, ಕುರ್ಚಿಯಿಂದ ಕೂಗಿದ ಸುಳ್ಳು, ಜೋತುಬಿದ್ದ ಬಟ್ಟೆ, ಎಳೆದು ಕಟ್ಟಿದ ಹಗ್ಗ, ಎಲ್ಲ. ಯುವಕ ಮೊಬೈಲು ಕೆಳಗಿಳಿಸಿದ. ಒಳಗೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

ಅಣ್ಣ ಬೈಯುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಒಂದೇ.

"ಅಂದ್ರೆ ಎರಡು ಸಲವೂ ನಾನು ನೋಡಿದ್ದು ಸರಿಯಾ?"

"ಸರಿ ಅಣ್ಣ."

"ಎರಡು ಸಲವೂ?"

"ಎರಡು ಸಲವೂ."

ಅವನು ಎರಡು ಬೆರಳಿನಿಂದ ಕಣ್ಣಿನ ರೆಪ್ಪೆ ಮುಟ್ಟಿಕೊಂಡ. "ನನಗೇ ಅನುಮಾನ ಇತ್ತು ಮಾರಾಯ. ಅಷ್ಟು ಜನ ಸಮ ಅಂದ್ರೆ ಸಮವೇ ಇರಬೇಕು. ಧಣಿಯ ಅನ್ನ ತಿಂದದ್ದಕ್ಕೆ ನನ್ನ ಕಣ್ಣೇ ಅವರ ಕೋಣದ ನೀರನ್ನು ಮೇಲೆ ಕಂಡಿತಾ ಅಂತ. ನನಗೆ ಗೊತ್ತಿಲ್ಲದೆ ನಾನು ಮೋಸ ಮಾಡಿದೆನಾ ಅಂತ. ಮೂಡಬಿದಿರೆಗೆ ಹೋಗ್ತಾ ಇದ್ದದ್ದು ಅದಕ್ಕೆ. ಡಾಕ್ಟ್ರು ಕಣ್ಣು ಸರಿ ಉಂಟು ಅಂದಾಗೆಲ್ಲ ನನಗೆ ಇನ್ನೂ ಹೆದರಿಕೆ ಆಗ್ತಿತ್ತು. ಕಣ್ಣು ಸರಿ ಇದ್ರೆ ಹಾಳಾದದ್ದು ಯಾವುದು?"

ಜನ ಅವನನ್ನು ನಂಬಲಿಲ್ಲ ಎಂಬುದೇ ಅವನಿಗೆ ನಾನು ಮಾಡಿದ ಕೇಡು ಎಂದು ಅಷ್ಟು ವರ್ಷ ತಿಳಿದಿದ್ದೆ. ಅವನು ತನ್ನನ್ನೇ ನಂಬದೆ ಬದುಕಿದ್ದ. ಅದು ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ಬೈದ, ಹಗ್ಗಕ್ಕೆ. "ನೈಲಾನ್ ಹಗ್ಗ ಮಧ್ಯಾಹ್ನ ಬಿಗಿ ಮಾಡ್ಬೇಕು ಅಂತ ಗೊತ್ತಿಲ್ವಾ ನಿನಗೆ? ಕಾಕ ಎಂತ ಕಲಿಸಿದ್ದು ಹಾಗಾದ್ರೆ? ಚಪ್ಪರ ಬಿದ್ದು ಯಾರದ್ದಾದ್ರೂ ಮಂಡೆ ಒಡೆದಿದ್ರೆ?" ಬೈಯುತ್ತ ಬೈಯುತ್ತ ನಕ್ಕುಬಿಟ್ಟ. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ.

ಯುವಕ ಇದನ್ನು ಹಾಕಬಹುದಾ ಎಂದು ಕೇಳಿದ. ಅಣ್ಣ ಒಪ್ಪಲಿಲ್ಲ. "ಮೊದಲು ಇವ ಅಳದಂಗಡಿಗೆ ಹೋಗಿ ಅವನ ಮಾವನಿಗೆ ಹೇಳ್ಲಿ. ಅವರು ನೋಡಿದ್ದೂ ಸುಳ್ಳಲ್ಲ ಅಂತ ಅವರಿಗೆ ಗೊತ್ತಾಗ್ಬೇಕು. ಮೊಬೈಲಲ್ಲಿ ನೋಡಿ ಗೊತ್ತಾಗುದು ಬೇಡ." ನನ್ನ ಕಡೆ ತಿರುಗಿ, "ನಾನು ಹೇಳಿದ್ರೆ ನನ್ನ ಪರ ನಾನೇ ಮಾತಾಡಿದ ಹಾಗೆ. ನೀನೇ ಹೋಗ್ಬೇಕು" ಎಂದ. ಹೋಗುತ್ತೇನೆ ಎಂದೆ.

ಆಮೇಲಿನ ತಿಂಗಳುಗಳಲ್ಲಿ ಅವನು ಬೇರೆಯೇ ಮನುಷ್ಯ. ಜಗಲಿಯಲ್ಲಿ ಕೂತು ರಸ್ತೆಯ ಬಸ್ಸಿನ ಸದ್ದು ಕೇಳಿ, "ಇದು ತಡ" ಎಂದು ತೀರ್ಪು ಕೊಡುವನು. ಹೌದಾ ಅಲ್ಲವಾ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಅತ್ತಿಗೆಯ ಸಾರಿಗೆ ಉಪ್ಪು ಕಮ್ಮಿ ಎಂದ, ಪಕ್ಕದ ಮನೆಯವರ ಬೇಲಿ ಒಂದು ಅಡಿ ಈಚೆ ಬಂದಿದೆ ಎಂದ. ಕಾಣದ ಕಣ್ಣಿನವ ಬೇಲಿ ಹೇಗೆ ಕಂಡ ಎಂದು ಕೇಳಿದರೆ, "ನನ್ನ ಕಣ್ಣು ಸರಿ ಉಂಟು, ಬೆಳಕು ಮಾತ್ರ ಇಲ್ಲ" ಎಂದ. ನನ್ನನ್ನು ಕಂಡಾಗಲೆಲ್ಲ, "ಅಳದಂಗಡಿಗೆ ಹೋದ್ಯಾ?" ಎನ್ನುವನು. ಮದುವೆ ಸೀಸನ್ನು, ಚಪ್ಪರದ ಕೆಲಸ ಹೆಚ್ಚು, ಮುಂದಿನ ವಾರ ಎನ್ನುತ್ತಿದ್ದೆ. ಒಮ್ಮೆ ಹೇಳಿದವನಿಗೆ ಎರಡನೆಯ ಸಲ ಹೇಳುವುದು ಸುಲಭ ಎಂದು ಯಾರೂ ತಿಳಿಯಬೇಡಿ. ಮಳೆ ಹಿಡಿಯಿತು. ಮಳೆಯಲ್ಲಿ ಚಪ್ಪರದ ಕೆಲಸವಿಲ್ಲ. ಆಗಲೂ ನಾನು ಹೋಗಲಿಲ್ಲ.

ನಡು ಮಳೆಗಾಲದ ಆಟಿ ತಿಂಗಳಲ್ಲಿ ಅಣ್ಣ ತೀರಿಕೊಂಡ. ಬೆಳಗಿನ ಗಂಜಿ ಉಂಡು, ಬಾಯಿ ತೊಳೆದು, ಕುರ್ಚಿಯಲ್ಲಿ ಕೂತವ ಮತ್ತೆ ಏಳಲಿಲ್ಲ. ಅವನ ಬೊಜ್ಜಕ್ಕೆ ಚಪ್ಪರ ನಾನೇ ಹಾಕಿದೆ. ಊಟಕ್ಕೆ ಮುಂಚೆ ಒಂದು ಸುತ್ತು ಹೋಗಿ ಎಲ್ಲ ಹಗ್ಗ ಬಿಗಿ ಮಾಡಿದೆ. ಅಳದಂಗಡಿಯಿಂದ ಹೆಂಡತಿಯ ತಮ್ಮ ಬಂದಿದ್ದ, ಮಾವ ಬರಲಿಲ್ಲ.

ಬೊಜ್ಜ ಕಳೆದ ಮೇಲೆ ಹೆಂಡತಿಗೆ ಮೊದಲು ಹೇಳಿದೆ. ಅವಳು ಸೀರೆ ಬದಲಿಸಿ ಬಂದು, "ನಡೀರಿ, ಈಗಲೇ ಹೋಗುವ" ಎಂದಳು. ಅಳದಂಗಡಿಯಲ್ಲಿ ಮಾವ ಜಗಲಿಯಲ್ಲಿ ಅಡಿಕೆ ಕುಟ್ಟುತ್ತಿದ್ದರು. ಹಲ್ಲಿಲ್ಲ, ಕಿವಿ ಚುರುಕು. ನಾನು ಹೇಳಿ ಮುಗಿಸುವವರೆಗೆ ಕುಟ್ಟುವುದನ್ನು ನಿಲ್ಲಿಸಿದ್ದರು.

"ನಾನೇ ನೋಡಿದ್ದೆನಲ್ಲ ನೀನು ಹಗ್ಗ ಎಳೆಯುದನ್ನು" ಎಂದರು. "ಹುಡುಗ ಒಳ್ಳೆಯವ ಅಂತ ಒಪ್ಪಿದ್ದೇ ಅದನ್ನು ನೋಡಿ." ಕುಟ್ಟಿದ ಅಡಿಕೆ ಬಾಯಿಗೆ ಹಾಕಿಕೊಂಡು, "ಹಾಗಾದ್ರೆ ನೀರು ಸಮವೇ ಇತ್ತು. ನಾನೂ ಸರಿಯೇ ನೋಡಿದ್ದು" ಎಂದರು. ನೆಲಕ್ಕೆ ಕೈಯೂರಿ ಏಳುತ್ತ, "ಅವನೂ" ಎಂದರು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಕೋಲು ಎಲ್ಲಿ ಎಂದು ಹುಡುಕಿದರು. "ಅವನ ಮನೆಗೆ ಹೋಗುವ. ಅವನ ಹೆಂಡತಿ ಇದ್ದಾಳಲ್ಲ."

ಜೀಪು ಮಾಡಿಕೊಂಡು ಹೊರಟೆವು. ಅಣ್ಣನ ಅಂಗಳದಲ್ಲಿ ಇಳಿದು, ಮಾವ ಕೋಲು ಊರಿ ನಿಂತರು. ಅತ್ತಿಗೆ ಹೊರಗೆ ಬಂದರು. ಇಪ್ಪತ್ತು ವರ್ಷದಲ್ಲಿ ಮಾವ ಆ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು.

"ನಿಮ್ಮ ಯಜಮಾನರು ಸರಿಯಾಗಿಯೇ ನೋಡಿದ್ದರು" ಎಂದರು ಮಾವ. "ನಾನು ಅವರಿಗೆ ಅನ್ಯಾಯ ಮಾಡಿದೆ. ಹೇಳ್ಲಿಕ್ಕೆ ಬಂದೆ."

ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡರು. "ಅದು ನನಗೆ ಮೊದಲೇ ಗೊತ್ತಿತ್ತು" ಎಂದರು. "ಅವರಿಗೇ ಗೊತ್ತಿರ್ಲಿಲ್ಲ." ಅದನ್ನು ಅವರು ಮಾವನಿಗೆ ಹೇಳಿದರೂ ನೋಡಿದ್ದು ನನ್ನನ್ನು.

ಆಮೇಲೆ ಆ ಯುವಕನನ್ನು ಕರೆಸಿ ಮೊಬೈಲಿನ ಎದುರು ಎಲ್ಲವನ್ನೂ ಮತ್ತೆ ಹೇಳಿದೆ, ಆ ವಿಡಿಯೋ ಬಂತು. ಅದರ ಕೆಳಗೆ ಈಗಲೂ ಜನ ಬರೆಯುತ್ತಿದ್ದಾರೆ, ಸತ್ತ ಅಣ್ಣನನ್ನು ಉಳಿಸಲು ತಮ್ಮ ಸುಳ್ಳು ಹೇಳುತ್ತಿದ್ದಾನೆ ಎಂದು ಕೆಲವರು, ಈಗಲಾದರೂ ಸತ್ಯ ಬಂತು ಎಂದು ಕೆಲವರು. ಮಗ ಓದಿ ಹೇಳಿದ. ಸಾಕು ಎಂದೆ. ತನ್ನ ಕಣ್ಣು ತನಗೆ ಮೋಸ ಮಾಡಲಿಲ್ಲ ಎಂದು ಅಣ್ಣ ತಿಳಿದು ಬದುಕಿದ್ದು ಒಂದು ಬೇಸಗೆಯ ಕೊನೆ, ಅರ್ಧ ಮಳೆಗಾಲ. ಉಳಿದ ವರ್ಷಗಳು ನನ್ನ ಹತ್ತಿರ ಇದ್ದವು, ನಾನು ಕೊಡಲಿಲ್ಲ.

ಆ ದಿನ ಅಂಗಳದಲ್ಲಿ ಅತ್ತಿಗೆ ಮಾವನನ್ನು ಒಳಗೆ ಕರೆದರು. ಕಾಲಿಗೆ ನೀರು ಕೊಟ್ಟರು, ನನ್ನ ಹೆಂಡತಿಯ ಭುಜ ಹಿಡಿದು ಕರೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಮನೆಯವನನ್ನು ಯಾರಾದರೂ ಬಾ ಎಂದು ಕರೆಯುತ್ತಾರಾ ಎಂದುಕೊಂಡು, ಸ್ವಲ್ಪ ಹೊತ್ತಿನ ಮೇಲೆ ನಾನೇ ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರು ಕರೆಯದೆ ಇದ್ದದ್ದು ಅದೇ ಅರ್ಥದಲ್ಲಿಯೋ, ಬೇರೆ ಅರ್ಥದಲ್ಲಿಯೋ, ನಾನು ಇನ್ನೂ ಕೇಳಿಲ್ಲ.